ತೋಟದ ಸ್ಟಾರ್ಟರ್ ಪೆಟ್ಟಿಗೆ: ಕಾಯಿಲ್, ಕಂಡೆನ್ಸರ್, ಡಯೋಡ್, ಟ್ರಾನ್ಸಿಸ್ಟರ್

ತೋಟದ ಸ್ಟಾರ್ಟರ್ ಪೆಟ್ಟಿಗೆ ಎಂದರೆ ಕೊಳವೆಬಾವಿಯ ಮೋಟಾರನ್ನು ಚಾಲೂ ಮಾಡುವ, ನಿಲ್ಲಿಸುವ, ಸುಡದಂತೆ ಕಾಯುವ ವಿದ್ಯುತ್ ಬಿಡಿಭಾಗಗಳ ಜೋಡಣೆ. ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ಹಾಲ್ಕುರಿಕೆಯಲ್ಲಾಗಲಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆಯಾಗಲಿ, ಕೊಳವೆಬಾವಿ ಇರುವ ತೆಂಗಿನ ತೋಟದಲ್ಲಿ ಈ ಪೆಟ್ಟಿಗೆ ಇದ್ದೇ ಇರುತ್ತದೆ. ಕಾಂತತ್ವ, ಕೆಪಾಸಿಟರ್, ಡಯೋಡ್, ಟ್ರಾನ್ಸಿಸ್ಟರ್ ಎಂದು ಪಠ್ಯಪುಸ್ತಕ ನಾಲ್ಕು ಅಧ್ಯಾಯಗಳಲ್ಲಿ ಹೇಳುವುದೆಲ್ಲ ಇಲ್ಲಿ ಒಂದೇ ಬಾಗಿಲ ಹಿಂದೆ ಕೂಡಿಕೊಂಡಿದೆ. ಒಂದು ಬಿಡಿಭಾಗ ಉಳಿಸಿದ ತೊಂದರೆಯನ್ನು ಇನ್ನೊಂದು ಹೇಗೆ ಬಗೆಹರಿಸುತ್ತದೆ ಎಂಬುದೂ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಈ ಸೀಮೆ ಉಂಡೆ ಕೊಬ್ಬರಿಗೆ ಹೆಸರಾದದ್ದು. ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಲು ಬಿಟ್ಟು, ಆಮೇಲೆ ಸುಲಿದು, ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಹಿಂದೆ ಮಳೆ, ಕೆರೆ, ತೆರೆದ ಬಾವಿಗಳನ್ನು ನಂಬಿದ್ದ ತೋಟಗಳಲ್ಲಿ ಹಲವು ಈಗ ಕೊಳವೆಬಾವಿಯನ್ನೇ ನೆಚ್ಚಿವೆ. ಬೇಸಿಗೆಯಲ್ಲಿ ನೀರು ತಪ್ಪಿದರೆ ತೆಂಗು ಹರಳು ಉದುರಿಸುತ್ತದೆ. ಅದರ ಪೆಟ್ಟು ಮುಂದಿನ ವರ್ಷದ ಇಳುವರಿಗೂ ತಗಲುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದು ಪಾಳಿಯ ಮೇಲೆ, ಎಷ್ಟೋ ಸಲ ರಾತ್ರಿ ಹೊತ್ತಿನಲ್ಲಿ. ಆದ್ದರಿಂದ ಕರೆಂಟು ಬಂದೊಡನೆ ಮೋಟಾರು ಓಡಬೇಕು, ಒಂದು ಫೇಸ್ ಹೋದೊಡನೆ ನಿಲ್ಲಬೇಕು. ಪೆಟ್ಟಿಗೆಯೊಳಗಿನ ಪ್ರತಿಯೊಂದು ವಸ್ತುವೂ ಈ ಎರಡು ಅಗತ್ಯಗಳ ಸುತ್ತ ಕೂಡಿಸಿದ್ದು.

ಮೊದಲನೆಯದು ಕಾಂತತ್ವ. ತಂತಿಯಲ್ಲಿ ಕರೆಂಟು ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುವುದನ್ನು 1820ರಲ್ಲಿ ಕೋಪನ್‌ಹೇಗನ್ನಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ ತೋರಿಸಿಕೊಟ್ಟರು. ಅದೇ ತಂತಿಯನ್ನು ಸುರುಳಿ ಸುತ್ತಿ ನಡುವೆ ಕಬ್ಬಿಣವಿಟ್ಟರೆ ಕಾಂತಬಲ ಹಲವು ಪಟ್ಟು ಹೆಚ್ಚುತ್ತದೆ. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದಾಗ ಇಂಥ ಒಂದು ಕಾಯಿಲ್ಲಿಗೆ ಕರೆಂಟು ಸಿಗುತ್ತದೆ. ಅದು ಕಬ್ಬಿಣದ ತುಂಡೊಂದನ್ನು ಸೆಳೆದುಕೊಳ್ಳುತ್ತದೆ, ತುಂಡಿನೊಡನೆ ಮೂರೂ ಫೇಸಿನ ಸಂಪರ್ಕಗಳು ಒಟ್ಟಿಗೆ ಕೂಡುತ್ತವೆ, ಮೋಟಾರು ಏಳುತ್ತದೆ. ಬೆರಳು ತೆಗೆದ ಮೇಲೂ ಕಾಯಿಲ್ಲಿಗೆ ಕರೆಂಟು ಉಳಿಯುವಂತೆ ಅಲ್ಲೇ ಒಂದು ಸಣ್ಣ ಸಂಪರ್ಕ ಜೊತೆಗೂಡಿರುತ್ತದೆ. ಲೈನ್ ಹೋದರೆ ಕಾಂತತ್ವ ಅಳಿದು, ಸ್ಪ್ರಿಂಗು ಸಂಪರ್ಕಗಳನ್ನು ದೂರ ತಳ್ಳುತ್ತದೆ. ಕರೆಂಟು ಮರಳಿದರೂ ಮೋಟಾರು ತಾನಾಗಿ ಏಳುವುದಿಲ್ಲ. ದುರಸ್ತಿಗೆಂದು ಕೈಯಿಟ್ಟವರ ಜೀವ ಉಳಿಸಲು ಮಾಡಿದ ಏರ್ಪಾಡು ಅದು.

ಕಾಯಿಲ್ಲಿಗೆ ಬರುವುದು 50 ಹರ್ಟ್ಜ್ ಎಸಿ ಕರೆಂಟು. ಅಂದರೆ ಸೆಕೆಂಡಿಗೆ 100 ಸಲ ಅದರ ಕಾಂತಬಲ ಸೊನ್ನೆಗೆ ಇಳಿದು ಏರುತ್ತದೆ. ಕಬ್ಬಿಣದ ತುದಿಯಲ್ಲಿ ಕೂರಿಸಿದ ತಾಮ್ರದ ಬಳೆ ಆ ಬಿಡುವಿನಲ್ಲೂ ಸ್ವಲ್ಪ ಸೆಳೆತ ಉಳಿಸುತ್ತದೆ. ವೋಲ್ಟೇಜು ಬಿದ್ದಾಗ, ಅಥವಾ ಕಬ್ಬಿಣದ ಮುಖಕ್ಕೆ ದೂಳು ಹತ್ತಿದಾಗ, ಹಿಡಿತ ಸಾಲದೆ ಪೆಟ್ಟಿಗೆ ಗುಂಯ್‌ಗುಡುತ್ತದೆ. ಹಾಗೆ ಬಿಟ್ಟರೆ ಕಾಯಿಲ್ ಸುಡುತ್ತದೆ.

ನೂರಾರು ಅಡಿ ಕೆಳಗಿರುವ ಸಬ್‌ಮರ್ಸಿಬಲ್ ಮೋಟಾರೂ ಕಾಂತತ್ವದ್ದೇ ಕೆಲಸ. ಫೇಸುಗಳ ನಡುವೆ 415 ವೋಲ್ಟಿನ ಮೂರು ಕರೆಂಟುಗಳು ಒಂದರ ಹಿಂದೊಂದು ಉಬ್ಬಿ ಇಳಿಯುತ್ತ ಸುತ್ತುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತವೆ. ಎರಡು ಧ್ರುವದ ಮೋಟಾರಿನಲ್ಲಿ ಆ ಕ್ಷೇತ್ರ ನಿಮಿಷಕ್ಕೆ 3,000 ಸುತ್ತು ಸುತ್ತುತ್ತದೆ. ರೋಟರು ಅದರ ಬೆನ್ನಟ್ಟಿ ಕೊಂಚ ಹಿಂದೆ ಓಡುತ್ತದೆ. ಗಲಿಲಿಯೊ ಫೆರಾರಿಸ್ ಮತ್ತು ನಿಕೊಲಾ ಟೆಸ್ಲಾ 1880ರ ದಶಕದಲ್ಲಿ ಬೇರೆ ಬೇರೆಯಾಗಿ ಕಂಡುಕೊಂಡ ತತ್ತ್ವವಿದು. ಇದಕ್ಕಿರುವ ಒಂದು ಕೊರತೆಯೆಂದರೆ, ಒಂದು ಫೇಸ್ ಇಲ್ಲವಾದರೆ ಕ್ಷೇತ್ರ ಸುತ್ತುವುದಿಲ್ಲ, ಸುಮ್ಮನೆ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ನಿಂತ ಮೋಟಾರು ಏಳಲಾರದೆ ಮಿತಿಮೀರಿ ಕರೆಂಟು ಎಳೆದು ಸುಡುತ್ತದೆ. ಸುಟ್ಟ ಮೋಟಾರನ್ನು ಪೈಪುಗಳ ಸಮೇತ ಮೇಲೆತ್ತಿ, ರಿವೈಂಡಿಂಗ್ ಮಾಡಿಸಿ, ಮತ್ತೆ ಇಳಿಸುವುದು ಸಣ್ಣ ರೈತನಿಗೆ ದೊಡ್ಡ ಹೊರೆ.

ಈ ಕೊರತೆಯನ್ನು ತುಂಬಲು ಬಂದದ್ದು ಕೆಪಾಸಿಟರ್, ತೋಟದ ಮಾತಿನಲ್ಲಿ ಕಂಡೆನ್ಸರ್. ಎರಡು ಲೋಹದ ಹಾಳೆ, ನಡುವೆ ವಿದ್ಯುತ್ ಹರಿಯಗೊಡದ ಒಂದು ಪದರ: ಇಷ್ಟೇ ಅದರ ಮೈ. 1745-46ರ ಲೈಡನ್ ಜಾಡಿಯೇ ಇದರ ಮೂಲರೂಪ. ಗಾಜಿನ ಜಾಡಿಯಿಂದ ಪ್ಲಾಸ್ಟಿಕ್ ಫಿಲ್ಮಿನ ಸುರುಳಿಗೆ ಅದು ಬಂದು ನಿಂತಿದೆ. ಹಾಳೆಗಳ ಮೇಲೆ ಶೇಖರವಾಗುವ ಚಾರ್ಜು ವೋಲ್ಟೇಜು ಥಟ್ಟನೆ ಬದಲಾಗಲು ಬಿಡುವುದಿಲ್ಲ. ಎಸಿ ಕರೆಂಟಿನಲ್ಲಿ ಇದರ ಫಲವೆಂದರೆ, ಕಂಡೆನ್ಸರಿನ ಮೂಲಕ ಹಾಯುವ ಕರೆಂಟು ವೋಲ್ಟೇಜಿಗಿಂತ ಕಾಲು ಆವರ್ತನೆ ಮುಂದೆ ಓಡುತ್ತದೆ. ಸೀಲಿಂಗ್ ಫ್ಯಾನಿನೊಳಗಿನ ಸುಮಾರು 2.5 ಮೈಕ್ರೊಫ್ಯಾರಡ್ ಕಂಡೆನ್ಸರ್ ಮಾಡುವುದೂ ಇದನ್ನೇ. ಫ್ಯಾನಿನ ಎರಡನೆಯ ಸುರುಳಿಗೆ ಮುಂದೋಡಿದ ಕರೆಂಟನ್ನು ಕೊಟ್ಟು, ಒಂದೇ ಫೇಸಿನಿಂದ ಸುತ್ತುವ ಕ್ಷೇತ್ರವನ್ನು ಕಟ್ಟುತ್ತದೆ.

ತ್ರೀ ಫೇಸ್ ಇಲ್ಲದ ಹೊತ್ತಿನಲ್ಲಿ ಕಂಡೆನ್ಸರ್ ಕೂಡಿಸಿ ಎರಡೇ ತಂತಿಯಿಂದ ಮೋಟಾರು ಓಡಿಸುವ ರೂಢಿ ಈ ತತ್ತ್ವದ ಮೇಲೇ ನಿಂತಿದೆ. ಏಳುವಾಗ ದೊಡ್ಡ ಕಂಡೆನ್ಸರ್ ಕೆಲವು ಸೆಕೆಂಡು ಮಾತ್ರ, ಓಡುವಾಗ ಚಿಕ್ಕದು. ತತ್ತ್ವ ಸರಿಯೇ ಆದರೂ ಬಳಕೆ ಒಳ್ಳೆಯದಲ್ಲ: ಮೋಟಾರಿನ ಬಲ ಕುಗ್ಗುತ್ತದೆ, ಸುರುಳಿಗಳು ಸಮವಾಗಿ ಹೊರೆ ಹೊರದೆ ಬಿಸಿಯಾಗುತ್ತವೆ, ಮನೆಗಳ ದೀಪಕ್ಕೆಂದು ಬಿಟ್ಟ ಕರೆಂಟಿನ ಮೇಲೆ ಪಂಪುಗಳು ಬಿದ್ದು ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಸುಡುತ್ತದೆ. ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಫೀಡರುಗಳನ್ನೇ ಬೇರ್ಪಡಿಸಿದ ನಿರಂತರ ಜ್ಯೋತಿ ಯೋಜನೆ ಈ ಇಕ್ಕಟ್ಟಿಗೆ ಕಂಡುಕೊಂಡ ದಾರಿಗಳಲ್ಲೊಂದು.

ಕಂಡೆನ್ಸರಿಗೆ ಇದಕ್ಕಿಂತ ಯೋಗ್ಯವಾದ ಕೆಲಸ ಇನ್ನೊಂದಿದೆ. ಮೋಟಾರಿನ ಕರೆಂಟು ವೋಲ್ಟೇಜಿಗಿಂತ ಹಿಂದೆ ಬೀಳುತ್ತದೆ, ಕಂಡೆನ್ಸರಿನದು ಮುಂದೆ ಓಡುತ್ತದೆ; ಎರಡನ್ನೂ ಪಕ್ಕಪಕ್ಕ ಜೋಡಿಸಿದರೆ ಲೈನಿನ ಹೊರೆ ಇಳಿಯುತ್ತದೆ. 5.3 ಕಿಲೋವ್ಯಾಟ್ ಎಳೆಯುವ ಮೋಟಾರಿನ ಪವರ್ ಫ್ಯಾಕ್ಟರ್ (ಕರೆಂಟಿನ ಎಷ್ಟು ಪಾಲು ಕೆಲಸಕ್ಕೆ ಬರುತ್ತದೆ ಎಂಬ ಅಳತೆ) 0.75 ಇದ್ದಾಗ ತಂತಿಯಲ್ಲಿ ಹರಿಯುವುದು ಸುಮಾರು 10 ಆಂಪಿಯರ್. ಅದನ್ನು 0.95ಕ್ಕೆ ಏರಿಸಿದರೆ ಅದೇ ಕೆಲಸಕ್ಕೆ 8 ಆಂಪಿಯರಿಗೂ ಕಡಿಮೆ ಸಾಕು. ಒಂದೇ ಟಿಸಿಯನ್ನು ಹಂಚಿಕೊಂಡ ತೋಟದವರೆಲ್ಲ ತಕ್ಕ ಅಳತೆಯ ಕಂಡೆನ್ಸರ್ ಹಾಕಿಸಿಕೊಂಡರೆ ಕೊನೆಯ ತೋಟದ ವೋಲ್ಟೇಜೂ ಏರುತ್ತದೆ. ಇಷ್ಟು ಕಡಿಮೆ ಖರ್ಚಿನ ಉಪಕಾರಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಮೇನ್ ಆಫ್ ಮಾಡಿದ ಮೇಲೂ ಕಂಡೆನ್ಸರಿನಲ್ಲಿ ಚಾರ್ಜು ಉಳಿದಿರಬಹುದು. ಅದನ್ನು ಇಳಿಸುವ ರೆಸಿಸ್ಟರ್ ಹಾಳಾಗಿದ್ದರೆ ಮುಟ್ಟಿದವರಿಗೆ ಭಾರಿ ಶಾಕ್ ಹೊಡೆಯುತ್ತದೆ.

ಇಲ್ಲಿಯವರೆಗಿನದು ಎಲೆಕ್ಟ್ರಿಕಲ್ ಕೆಲಸ. ಕರೆಂಟು ಬಂದದ್ದನ್ನು ತಾನೇ ತಿಳಿದು ಮೋಟಾರು ಏಳಿಸುವ ‘ಆಟೋ’ ಅಥವಾ ಮೊಬೈಲ್ ಸ್ಟಾರ್ಟರ್ ಬೇಕೆಂದಾಗ ಎಲೆಕ್ಟ್ರಾನಿಕ್ಸ್ ಒಳಗೆ ಬರುತ್ತದೆ. ಅದಕ್ಕೆ ಬೇಕಾದ್ದು ಕೆಲವೇ ವೋಲ್ಟಿನ ಡಿಸಿ ಕರೆಂಟು, ಲೈನಿನಲ್ಲಿರುವುದು ಎಸಿ. ನಡುವೆ ನಿಲ್ಲುವುದು ಡಯೋಡ್. ಕೊಳವೆಬಾವಿಯ ಪೈಪಿಗೆ ಹಾಕುವ ಏಕಮುಖ ಕವಾಟವಾದ ಎನ್‌ಆರ್‌ವಿ ನೀರನ್ನು ಮೇಲಕ್ಕೆ ಬಿಟ್ಟು ಕೆಳಕ್ಕೆ ಇಳಿಯಗೊಡದಂತೆ, ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಸಿಲಿಕಾನಿನ ಒಂದು ಪಕ್ಕಕ್ಕೆ ರಂಜಕ, ಇನ್ನೊಂದು ಪಕ್ಕಕ್ಕೆ ಬೋರಾನ್ ಲವಲೇಶ ಬೆರೆಸಿದಾಗ ನಡುವೆ ಹುಟ್ಟುವ ಗಡಿಯೇ ಈ ಗುಣಕ್ಕೆ ಕಾರಣ. ಗಡಿ ದಾಟಲು ಸುಮಾರು 0.7 ವೋಲ್ಟ್ ತೆರಬೇಕು. ಹರಳುಗಳ ಈ ಏಕಮುಖ ನಡೆಯನ್ನು ಜರ್ಮನಿಯ ಫರ್ಡಿನಾಂಡ್ ಬ್ರೌನ್ 1874ರಲ್ಲೇ ಗುರುತಿಸಿದ್ದರು. ಗ್ಯಾಲಿನಾ ಹರಳಿನಿಂದ ವಿದ್ಯುತ್ ಅಲೆಗಳನ್ನು ಪತ್ತೆಹಚ್ಚುವ ಸಾಧನಕ್ಕೆ ಜಗದೀಶ್ ಚಂದ್ರ ಬೋಸ್ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು.

ಪುಟ್ಟ ಟ್ರಾನ್ಸ್‌ಫಾರ್ಮರ್ ಲೈನಿನ ವೋಲ್ಟೇಜನ್ನು 12ಕ್ಕೆ ಇಳಿಸುತ್ತದೆ. 1ಎನ್4007ರಂಥ ನಾಲ್ಕು ಡಯೋಡುಗಳ ಸೇತುವೆ ಅಲೆಯ ಎರಡೂ ಅರ್ಧಗಳನ್ನು ಒಂದೇ ದಿಕ್ಕಿಗೆ ತಿರುಗಿಸುತ್ತದೆ. ಹಾಗೆ ಬಂದ ಡಿಸಿ ಸೆಕೆಂಡಿಗೆ 100 ಸಲ ಏರಿಳಿಯುವುದರಿಂದ, ಏರಿದಾಗ ತುಂಬಿಕೊಂಡು ಇಳಿದಾಗ ಬಿಟ್ಟುಕೊಡಲು ಮತ್ತೆ ಕೆಪಾಸಿಟರೇ ಬೇಕು, ಈ ಸಲ ಎಲೆಕ್ಟ್ರೊಲಿಟಿಕ್ ಜಾತಿಯದು. ಅದರ ತಲೆ ಉಬ್ಬಿತೆಂದರೆ ಆಯುಷ್ಯ ಮುಗಿದಂತೆ.

ಹೀಗೆ ಸಿದ್ಧವಾದ ಡಿಸಿಯಲ್ಲಿ ಸ್ವಿಚ್ಚಿನ ಕೆಲಸ ಮಾಡುವುದು ಟ್ರಾನ್ಸಿಸ್ಟರ್. ಅದು ಹುಟ್ಟಿದ್ದು 1947ರ ಡಿಸೆಂಬರಿನಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ಜಾನ್ ಬಾರ್ಡೀನ್, ವಾಲ್ಟರ್ ಬ್ರಾಟೈನ್, ವಿಲಿಯಂ ಶಾಕ್ಲಿ ಮೂವರಿಗೂ ಅದಕ್ಕಾಗಿ 1956ರಲ್ಲಿ ನೊಬೆಲ್ ಸಂದಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1962ರ ಹೊತ್ತಿಗೆ ಜರ್ಮೇನಿಯಂ ಅರೆವಾಹಕ ಬಿಡಿಭಾಗಗಳನ್ನು ತಯಾರಿಸತೊಡಗಿತ್ತು. ಟ್ರಾನ್ಸಿಸ್ಟರಿನ ಮೂರು ಕಾಲುಗಳಲ್ಲಿ ಬೇಸ್ ಎಂಬುದಕ್ಕೆ ಕೊಡುವ ಅಲ್ಪ ಕರೆಂಟು ಉಳಿದೆರಡರ ನಡುವಿನ ದೊಡ್ಡ ಕರೆಂಟನ್ನು ಆಳುತ್ತದೆ. ಸ್ಟಾರ್ಟರಿನ ಬೋರ್ಡಿನಲ್ಲಿ ಇದರ ಲೆಕ್ಕ ನೇರವಾಗಿದೆ. 400 ಓಮ್ಸ್ ಕಾಯಿಲ್ಲಿನ 12 ವೋಲ್ಟ್ ರಿಲೇಗೆ (ಕಾಂತದಿಂದ ಕೂಡುವ ಚಿಕ್ಕ ಸ್ವಿಚ್ಚಿಗೆ) ಬೇಕಾದ್ದು 30 ಮಿಲಿಆಂಪಿಯರ್. ಬಿಸಿ547 ಟ್ರಾನ್ಸಿಸ್ಟರಿನ ಬೇಸಿಗೆ 3 ಮಿಲಿಆಂಪಿಯರ್ ಕೊಟ್ಟರೆ ಅದು ಗಟ್ಟಿಯಾಗಿ ಚಾಲೂ ಆಗುತ್ತದೆ. ಟ್ರಾನ್ಸಿಸ್ಟರ್ ರಿಲೇಯನ್ನು, ರಿಲೇ ದೊಡ್ಡ ಕಾಯಿಲ್ಲನ್ನು, ಕಾಯಿಲ್ ಮೋಟಾರನ್ನು ಏಳಿಸುತ್ತವೆ.

ಕಾಯಿಲ್, ಡಯೋಡ್, ಟ್ರಾನ್ಸಿಸ್ಟರುಗಳ ನಂಟು ಬಿಗಿಯಾಗಿ ಕಾಣುವುದು ರಿಲೇ ಆಫ್ ಆಗುವ ಕ್ಷಣದಲ್ಲಿ. ಕಾಯಿಲ್ ಕರೆಂಟಿನ ದಿಢೀರ್ ಬದಲಾವಣೆಯನ್ನು ಒಪ್ಪುವುದಿಲ್ಲ. ಟ್ರಾನ್ಸಿಸ್ಟರ್ ಥಟ್ಟನೆ ಮುಚ್ಚಿಕೊಂಡರೆ ಕಾಂತಕ್ಷೇತ್ರ ಕುಸಿಯುತ್ತ ನೂರಾರು ವೋಲ್ಟುಗಳ ಏಟನ್ನು ಎಬ್ಬಿಸುತ್ತದೆ. ಬಿಸಿ547 ತಾಳುವುದು 45 ವೋಲ್ಟ್ ಮಾತ್ರ. ಅದಕ್ಕೇ ಕಾಯಿಲ್ಲಿಗೆ ಅಡ್ಡಲಾಗಿ ಒಂದು ಡಯೋಡನ್ನು ತಿರುಗಿಸಿ ಹಾಕಿರುತ್ತಾರೆ. ಕುಸಿಯುವ ಕರೆಂಟು ಅದರ ಮೂಲಕ ಸುತ್ತಿ ಕರಗುತ್ತದೆ. ಈ ಡಯೋಡನ್ನು ಬಿಟ್ಟ ಬೋರ್ಡು ಎಷ್ಟು ದುಬಾರಿಯದಾದರೂ ಹೆಚ್ಚು ದಿನ ಬಾಳದು.

ಆಟೋ ಸ್ಟಾರ್ಟರ್ ಕರೆಂಟು ಬಂದ ಕೂಡಲೇ ಏಳದೆ ಕೊಂಚ ಕಾಯುವುದಕ್ಕೂ ಕಾರಣವಿದೆ. ಏಳುವಾಗ ಮೋಟಾರು ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಎಲ್ಲ ತೋಟಗಳೂ ಒಂದೇ ಕ್ಷಣಕ್ಕೆ ಎದ್ದರೆ ಟಿಸಿ ತಾಳದು. ಹಳೆಯ ಬೋರ್ಡುಗಳಲ್ಲಿ ಈ ಬಿಡುವನ್ನು ಅಳೆಯುತ್ತಿದ್ದುದು ಕೆಪಾಸಿಟರ್. 1,000 ಮೈಕ್ರೊಫ್ಯಾರಡ್ಡನ್ನು 100 ಕಿಲೋಓಮ್ಸ್ ಮೂಲಕ ತುಂಬಿಸಿದರೆ ಪೂರೈಕೆ ವೋಲ್ಟೇಜಿನ ಶೇ. 63ಕ್ಕೆ ಏರಲು 100 ಸೆಕೆಂಡು ಹಿಡಿಯುತ್ತದೆ. ಈಗ ಆ ಎಣಿಕೆಯನ್ನು ಮೈಕ್ರೊಕಂಟ್ರೋಲರ್ ಮಾಡುತ್ತದೆ. ಅದೇ ಚಿಪ್ಪು ಮೂರೂ ಫೇಸ್ ಇವೆಯೇ ಎಂದು ನೋಡುತ್ತದೆ, ಬಾವಿ ಬರಿದಾಗಿ ಕರೆಂಟು ಇಳಿದರೆ ಮೋಟಾರು ನಿಲ್ಲಿಸುತ್ತದೆ, ಸಿಮ್ ಕಾರ್ಡಿಗೆ ಬಂದ ಕರೆಗೆ ಓಗೊಡುತ್ತದೆ. ಹಾವು, ಚಿರತೆಗಳ ಭಯದಲ್ಲಿ ನಡುರಾತ್ರಿ ತೋಟಕ್ಕೆ ಹೋಗಬೇಕಿದ್ದ ರೈತನಿಗೆ ಇದು ದೊಡ್ಡ ಬಿಡುಗಡೆ.

ಸೌರ ಪಂಪಿನಲ್ಲಿ ಇದೇ ಬಿಡಿಭಾಗಗಳು ಬೇರೆ ಕ್ರಮದಲ್ಲಿ ಕೂಡುತ್ತವೆ. ಇದೇ ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹರಡಿ 2,050 ಮೆಗಾವ್ಯಾಟ್ ಸಾಮರ್ಥ್ಯ ಹೊಂದಿರುವ ಸೌರ ಪಾರ್ಕಿನ ಒಂದೊಂದು ಕೋಶವೂ ಬಿಸಿಲಿಗೆ ತೆರೆದಿಟ್ಟ ಅಗಲವಾದ ಡಯೋಡೇ. ತೋಟದಲ್ಲಿ ಇಂಥ ಪ್ಯಾನೆಲ್ಲುಗಳ ಡಿಸಿಯನ್ನು ಡ್ರೈವ್ ಎಂಬ ನಿಯಂತ್ರಕ ಪೆಟ್ಟಿಗೆಯೊಳಗಿನ ಆರು ಪವರ್ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸಿ ತ್ರೀ ಫೇಸ್ ಎಸಿಯಾಗಿ ಮಾಡುತ್ತವೆ. ಮೋಡ ಕವಿದರೆ ಡ್ರೈವು ಫ್ರೀಕ್ವೆನ್ಸಿಯನ್ನು ಇಳಿಸುತ್ತದೆ. ಪಂಪು ನೀರನ್ನು ಎತ್ತಬಲ್ಲ ಎತ್ತರ ವೇಗದ ವರ್ಗಕ್ಕೆ ಅನುಗುಣವಾದದ್ದು: 50 ಹರ್ಟ್ಜ್‌ನಿಂದ 40ಕ್ಕೆ ಇಳಿದರೆ ಆ ಎತ್ತರ ಶೇ. 64ಕ್ಕೆ ಬೀಳುತ್ತದೆ. ಆಳದ ಕೊಳವೆಬಾವಿಗಳಲ್ಲಿ ಆಗ ಮೋಟಾರು ತಿರುಗುತ್ತಿದ್ದರೂ ನೀರು ನೆಲಕ್ಕೆ ಬಾರದು. ಆದ್ದರಿಂದ ಈ ಸೀಮೆಯಲ್ಲಿ ಸೌರ ಪಂಪು ಆರಿಸುವಾಗ ಕುದುರೆಶಕ್ತಿಗಿಂತ ಮೊದಲು ಬಾವಿಯ ನೀರಿನ ಮಟ್ಟವನ್ನು ಅಳೆಯಬೇಕಾಗುತ್ತದೆ.