ಮಿಯಾ: ನಕಾರ ಉದುರಿಹೋದ ಪದ

‘ಗಿಳಿ, ತಾನ್‌ಸೇನ್, ಹೈದರಾಬಾದ್ ಮೆಟ್ರೊದ ಕೆಂಪು ಮಾರ್ಗದ ಕೊನೆಯ ನಿಲ್ದಾಣ. ಈ ಮೂರಕ್ಕೂ ಏನು ನಂಟು?’

ನಮ್ಮ ಅಪಾರ್ಟ್‌ಮೆಂಟಿನ ಕನ್ನಡದ ಮನೆಗಳವರೆಲ್ಲ ಸೇರಿ ರಾಜ್ಯೋತ್ಸವಕ್ಕೆ ಒಂದು ರಸಪ್ರಶ್ನೆ ಇಟ್ಟುಕೊಂಡಿದ್ದರು. ಪ್ರಶ್ನೆ ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಇತಿಹಾಸ, ಸಂಗೀತ, ನಿಸರ್ಗ, ಭೂಗೋಳ ಎಂದು ನಾಲ್ಕು ಸುತ್ತು ಮಾಡಿ, ನಾಲ್ಕನ್ನೂ ಒಂದೇ ಗಂಟಿಗೆ ಬಿಗಿಯುವ ಕಡೆಯ ಪ್ರಶ್ನೆಗಾಗಿ ಎರಡು ದಿನ ತಲೆ ಕೆರೆದುಕೊಂಡೆ. ಉತ್ತರ ಬಾಗಿಲ ಹೊರಗೇ ಬೋರ್ಡಿನ ಮೇಲಿತ್ತು. ನಾವಿರುವುದು ಮಿಯಾಪುರದಲ್ಲಿ. ಗಿಳಿ ಮಿಯಾ ಮಿಠ್ಠು, ಗಾಯಕ ಮಿಯಾ ತಾನ್‌ಸೇನ್, ನಿಲ್ದಾಣ ಮಿಯಾಪುರ.

ಉತ್ತರ ಹೇಳಿದ ಮೇಲೆ ಏಳನೇ ಕ್ಲಾಸಿನ ಹುಡುಗನೊಬ್ಬ ಕೈ ಎತ್ತಿದ. ‘ಅಂಕಲ್, ಮೆಸೊಪೊಟೇಮಿಯಾ ಕೂಡ ಸೇರಿಸ್ಬೋದಲ್ವಾ?’ ಎಲ್ಲರೂ ನಕ್ಕರು, ನಾನೂ ನಕ್ಕೆ. ರಾತ್ರಿ ಕುತೂಹಲಕ್ಕೆಂದು ನಿಘಂಟು ತೆಗೆದವನಿಗೆ ನಗು ನಿಂತಿತು. ಹುಡುಗ ಹಿಡಿದದ್ದು ಸರಿಯಾದ ಪದವನ್ನೇ, ಆದರೆ ತಪ್ಪು ತುದಿಯನ್ನು.

ಪಾರಸಿಯಲ್ಲಿ ‘ಮಿಯಾನ್’ ಎಂದರೆ ನಡು. ಕನ್ನಡದ ‘ನಡು’ವಿಗೆ ಇರುವ ಎರಡೂ ಅರ್ಥ ಅದಕ್ಕೂ ಇವೆ: ಎರಡರ ಮಧ್ಯದ ಜಾಗ ಒಂದು, ಮೈಯ ಸೊಂಟ ಇನ್ನೊಂದು. ಸಂಸ್ಕೃತದ ‘ಮಧ್ಯ’ವೂ ಹಾಗೆಯೇ. ಸುಮಧ್ಯಮೆ ಎಂದರೆ ಚೆಲುವಾದ ನಡುವಿನವಳು. ಮಧ್ಯ ಮತ್ತು ಮಿಯಾನ್ ದಾಯಾದಿಗಳು. ಅವೆಸ್ತಾದ ಭಾಷೆಯಲ್ಲಿ ಅದು ‘ಮೈದ್ಯ’, ಅಲ್ಲಿಂದಾಚೆ ನಡುಗಾಲದ ಪಾರಸಿಯಲ್ಲಿ ದಕಾರ ಸವೆದು ‘ಮಯಾನ್’. ಇದೇ ಬೇರಿನ ಟಿಸಿಲುಗಳು ಪಶ್ಚಿಮಕ್ಕೂ ಹೋದವು. ಲ್ಯಾಟಿನ್ನಿನ ‘ಮೇಡಿಯುಸ್’ನಿಂದ ಮೀಡಿಯಾ, ಇಂಗ್ಲಿಷಿನ ಮಿಡಲ್, ಗ್ರೀಕಿನ ‘ಮೆಸೊಸ್’. ಮೆಸೊಪೊಟೇಮಿಯಾ ಎಂದರೆ ನದಿಗಳ ನಡುವಿನ ನಾಡು. ಅದರ ಬಾಲದಲ್ಲಿರುವ ‘ಮಿಯಾ’ ಕನ್ನಡ ಲಿಪಿಯ ಆಕಸ್ಮಿಕ ಅಷ್ಟೆ. ಅಲ್ಲಿರುವುದು ಹೊಳೆ ಎಂಬರ್ಥದ ‘ಪೊಟಮೊಸ್’ನ ಚೂರು. ನಿಜವಾದ ನೆಂಟ ತಲೆಯಲ್ಲಿರುವ ‘ಮೆಸೊ’. ಮಾರನೇ ದಿನ ಹುಡುಗನ ಮನೆಗೆ ಹೋಗಿ ಅರ್ಧ ಅಂಕ ಕೊಟ್ಟು ಬಂದೆ. ಅವನು ಸುಮ್ಮನಿರಲಿಲ್ಲ. ‘ನಮ್ಮಲ್ಲೂ ಹಾಗೆ ನದಿ ನಡುವಿನ ಊರು ಇದೆಯಾ?’ ಎಂದ. ಇದೆಯಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ರಾಯಚೂರಿನ ಸೀಮೆಯನ್ನು ಪಾರಸಿಯವರು ಎರಡು ನೀರು ಎಂಬರ್ಥದಲ್ಲಿ ‘ದೋಆಬ್’ ಎಂದರು. ಅದಕ್ಕೂ ಮುಂಚೆ ನಮ್ಮವರೇ ಇಟ್ಟ ಹೆಸರು ‘ಎಡೆದೊರೆ’. ಎಡೆ ಎಂದರೆ ನಡು, ತೊರೆ ಎಂದರೆ ಹೊಳೆ. ವಿಜಯನಗರದವರೂ ಬಹಮನಿಗಳೂ ಆಮೇಲೆ ಬಿಜಾಪುರದವರೂ ಆ ನಡುನಾಡಿಗಾಗಿ ಎಷ್ಟು ಸಲ ಹೊಡೆದಾಡಿದರೋ.

ನನಗೆ ಕಚಗುಳಿ ಇಟ್ಟದ್ದು ಈ ಪದದ ಕೊನೆಯ ನಕಾರ. ಪಾರಸಿಯಲ್ಲಿ ಅದು ಗಟ್ಟಿಯಾಗಿ ನಿಂತಿದೆ: ಮಿಯಾನ್. ಉರ್ದುವಿನಲ್ಲಿ ಗೌರವದ ಕರೆಯಾದಾಗ ಅದು ಮೂಗಿಗೇರಿ ‘ಮಿಯಾಂ’ ಆಯಿತು. ನಮ್ಮ ಬಾಯಿಗೆ ಬರುವ ಹೊತ್ತಿಗೆ ಮೂಗಿನಿಂದಲೂ ಜಾರಿ ಬರೀ ‘ಮಿಯಾ’. ನಡು ಎಂಬ ಅರ್ಥವೂ ಹೆಚ್ಚುಕಮ್ಮಿ ನಕಾರದ ಜೊತೆಗೇ ಹೋಯಿತು ಎನ್ನಬೇಕು. ಯಾಕೆಂದರೆ ನಕಾರ ಉಳಿದ ಕಡೆಯಲ್ಲೆಲ್ಲ ಅರ್ಥವೂ ಉಳಿದಿದೆ. ಕಲಬುರಗಿ, ವಿಜಯಪುರದ ಕಡೆ ಹಳಬರು ‘ಈ ದರಮ್ಯಾನ’ ಎನ್ನುತ್ತಾರಲ್ಲ, ಅದು ‘ದರ್‌ಮಿಯಾನ್’, ನಡುವೆ. ಇನ್ನೊಂದನ್ನು ನೆನಪಿಸಿದವರು ಅದೇ ಹುಡುಗನ ಅಜ್ಜಿ, ಭಾಲ್ಕಿ ಕಡೆಯವರು. ನಮ್ಮ ಮಾತು ಕೇಳುತ್ತ ಕೂತಿದ್ದವರು, ‘ನಮ್ಮಾಯಿ ಲಗ್ನಾಗಿ ಮೇಣೆದಾಗ ಬಂದಾಕಿ’ ಎಂದರು.

ಮೇಣೆ! ಮೇನೆ, ಮೇಣೆ ಎಂದು ನಾವು ಅಚ್ಚಗನ್ನಡದ ಹಾಗೆ ಬಳಸುವ ಪಲ್ಲಕ್ಕಿಯ ಹೆಸರು ಪಾರಸಿಯ ‘ಮಿಯಾನಾ’. ನಡು ಗಾತ್ರದ್ದು ಎಂದರ್ಥ. ತೀರ ದೊಡ್ಡದೂ ಅಲ್ಲ, ಹೆಗಲಿಗೆ ತೂಗುವ ಡೋಲಿಯೂ ಅಲ್ಲ. ಮರಾಠಿಯಲ್ಲಿ ಮೇಣಾ, ತೆಲುಗಿನಲ್ಲಿ ಮೇನಾ. ಹಾಗಾಗಿ ಮಿಯಾನ ಒಡಹುಟ್ಟು ಎಷ್ಟೋ ಕಾಲದಿಂದ ನಮ್ಮ ಮದುಮಕ್ಕಳನ್ನು ಹೊತ್ತು ತಿರುಗಿದೆ. ಮಿಯಾ ಎಂಬ ಪದವನ್ನು ಪರದೇಶಿ ಎನ್ನುವವರೂ ಮೇಣೆಯನ್ನು ಹಾಗೆನ್ನಲಾರರು.

ನಡು ಎಂಬ ಪದ ಯಜಮಾನ, ದೊಡ್ಡವ, ಗಂಡ, ಮೇಷ್ಟ್ರು ಎಂಬರ್ಥಕ್ಕೆ ಹೇಗೆ ಬಂತು ಎನ್ನುವಲ್ಲಿ ದಾಖಲೆಯ ಸೇತುವೆ ಇಲ್ಲ. ನಡುವೆ ನಿಂತು ನ್ಯಾಯ ಹೇಳುವವನು ಎಂದು ಕಥೆ ಹೊಸೆಯಬಹುದು. ಪದಗಳ ವಿಷಯದಲ್ಲಿ ಚೆನ್ನಾಗಿ ಒಪ್ಪುವ ಕಥೆಯನ್ನೇ ನಾನು ಮೊದಲು ಅನುಮಾನಿಸುತ್ತೇನೆ.

ಅನುಮಾನಿಸಬೇಕಾದ ಇನ್ನೊಂದು ಕಥೆ ರಸಪ್ರಶ್ನೆಯವರ ಅಚ್ಚುಮೆಚ್ಚಿನದು: ಅಕ್ಬರ್ ತಾನ್‌ಸೇನನಿಗೆ ‘ಮಿಯಾ’ ಎಂಬ ಅಪೂರ್ವ ಬಿರುದು ಕೊಟ್ಟ. ಅಬುಲ್ ಫಜಲ್ ಬರೆದ ಐನ್-ಇ-ಅಕ್ಬರಿಯಲ್ಲಿ ಆಸ್ಥಾನದ ಗಾಯಕ ವಾದಕರ ಪಟ್ಟಿಯಿದೆ. ಮೊದಲ ಹೆಸರು ಗ್ವಾಲಿಯರಿನ ಮಿಯಾ ತಾನ್‌ಸೇನ್. ಪಟ್ಟಿಯಲ್ಲಿ ಕೆಳಗಿಳಿದರೆ ಅದೇ ಗ್ವಾಲಿಯರಿನ ಮಿಯಾ ಚಾಂದ್ ಸಿಗುತ್ತಾನೆ, ಮಿಯಾ ಲಾಲ್ ಸಿಗುತ್ತಾನೆ. ಬಿರುದು ಒಬ್ಬನ ಸೊತ್ತಾಗಿರಲಿಲ್ಲ. ಉಳಿದ ಮಿಯಾಗಳು ಪಟ್ಟಿಯಲ್ಲೇ ಉಳಿದರು, 1589ರಲ್ಲಿ ತೀರಿಕೊಂಡ ತಾನ್‌ಸೇನ್ ರಾಗಗಳ ಹೆಸರಿನಲ್ಲಿ ಉಳಿದ. ಮಿಯಾ ಕೀ ತೋಡಿ, ಮಿಯಾ ಕೀ ಸಾರಂಗ್, ಮಿಯಾ ಮಲ್ಹಾರ್. ಅಲ್ಲಿ ತಾನ್‌ಸೇನ್ ಎನ್ನಲೇಬೇಕಿಲ್ಲ. ನಮ್ಮ ಕಡೆ ‘ಅಣ್ಣ’ ಎಂದರೆ ಬಸವಣ್ಣ ಎಂದು ತಿಳಿಯುವ ಹಾಗೆ, ಸಂಗೀತದವರ ನಡುವೆ ಮಿಯಾ ಎಂದರೆ ಆ ಒಬ್ಬನೇ. (ಲಖನೌದಲ್ಲಿ ಟಪ್ಪಾ ಹಾಡಿಕೆಯನ್ನು ಕಟ್ಟಿದ ಶೋರಿ ಮಿಯಾ ಬೇರೆ. ಅವನು 18ನೇ ಶತಮಾನದವನು, ಅವನನ್ನು ಹೆಸರು ಹಿಡಿದೇ ಕರೆಯಬೇಕು.)

ಇಲ್ಲಿ ಕನ್ನಡದವರು ಸ್ವಲ್ಪ ಎದೆಯುಬ್ಬಿಸಬಹುದು. ತಾನ್‌ಸೇನನ ಹೆಸರಿಗೆ ಅಂಟಿದ ಇನ್ನೊಂದು ರಾಗ ದರ್ಬಾರಿ ಕಾನಡಾ. ‘ಕರ್ಣಾಟ’ ಎಂಬ ನಾಡಿನ ಹೆಸರೇ ಉತ್ತರದ ನಾಲಗೆಗಳಲ್ಲಿ ತೇಯುತ್ತ ಕಾನ್ಹಡಾ, ಕಾನಡಾ ಆಗಿದೆ. ಮಿಯಾ ಮಲ್ಹಾರ್ ಎಂದರೆ ಆ ಕಾನಡಾವನ್ನು ಮಳೆಯ ಮಲ್ಹಾರದೊಳಗೆ ಬೆರೆಸಿದ ರಾಗ. ತೂಗುವ ಕೋಮಲ ಗಾಂಧಾರದಿಂದ ಹೊರಟು ‘ಗ ಮ ರಿ ಸ’ ಎಂದು ಇಳಿಯುವ ತುಣುಕು ಕಾನಡಾದ್ದು. ಕೋಮಲ, ಶುದ್ಧ ಎರಡು ನಿಷಾದಗಳನ್ನು ಒಂದರ ಪಕ್ಕ ಒಂದು ನಿಲ್ಲಿಸಿ ಗುಡುಗು ಹುಟ್ಟಿಸುವುದು ಈ ರಾಗದ ಕಸುಬು. ಸಾಲು ಸ್ವರಗಳ ನಡುವಿನ ಆ ಸಣ್ಣ ಸಂದಿಯಲ್ಲಿ ಜಾರಿ ಬೀಳದೆ ನಿಲ್ಲುವುದೇ ಗಾಯಕರ ಪರೀಕ್ಷೆ. ಭೀಮಸೇನ ಜೋಶಿಯವರು ಮಂದ್ರದಲ್ಲಿ ಆ ನಿಷಾದಗಳನ್ನು ಉಜ್ಜುವುದನ್ನು ಕೇಳಬೇಕು, ಗಂಗೂಬಾಯಿ ಹಾನಗಲ್ಲರ ಗಡಸು ಕಂಠದಲ್ಲಿ ಅದೇ ರಾಗ ಕೇಳಬೇಕು. ಧಾರವಾಡದ ಸೀಮೆಯವರು ಮಿಯಾನ ಮಲ್ಹಾರ ಹಾಡಿದಾಗ ಕಾನಡಾ ತವರಿಗೆ ಬಂದುಹೋದ ಹಾಗೆ ನನಗೆ ಅನಿಸುತ್ತದೆ. ಇದು ಶಾಸ್ತ್ರವಲ್ಲ, ನನ್ನ ಅಭಿಮಾನ. ಸಿನಿಮಾದವರು ಬೇಕೆಂದರೆ 1971ರ ‘ಗುಡ್ಡಿ’ಯಲ್ಲಿ ವಾಣಿ ಜಯರಾಂ ಹಾಡಿದ ಪಪೀಹೆ ಹಕ್ಕಿಯ ಹಾಡೂ ಇದೇ ರಾಗ.

ಹಕ್ಕಿ ಎಂದಾಗ ಗಿಳಿಯೇ ಬರಬೇಕು. ಹಿಂದಿ, ಉರ್ದು ಮನೆಗಳಲ್ಲಿ ಸಾಕಿದ ಗಿಳಿ ಮಿಯಾ ಮಿಠ್ಠು. ಮಿಠ್ಠು ಎಂದರೆ ಸಿಹಿಮಾತಿನವನು. ನಮ್ಮ ಮೃಷ್ಟಾನ್ನದ ‘ಮೃಷ್ಟ’ವೇ ಪ್ರಾಕೃತದಲ್ಲಿ ‘ಮಿಟ್ಠ’ವಾಗಿ, ಮೀಠಾ ಆಗಿ, ಮಿಠಾಯಿಯೂ ಆಗಿದೆ. ತನ್ನನ್ನು ತಾನೇ ಹೊಗಳಿಕೊಳ್ಳುವವನಿಗೆ ‘ತನ್ನ ಬಾಯಲ್ಲೇ ಮಿಯಾ ಮಿಠ್ಠು’ ಎನ್ನುವ ಗಾದೆ ಆ ಕಡೆಯದು. ನಮ್ಮ ಹಳ್ಳಿಗಳಲ್ಲಿ ಅದೇ ಹಕ್ಕಿ ಗಿಣಿರಾಮ. ಕೊರಳಲ್ಲಿ ಗುಲಾಬಿ ಉಂಗುರದ ಅದೇ ಹಸಿರು ಗಿಳಿ ಒಂದು ಜಗಲಿಯಲ್ಲಿ ರಾಮ, ಪಕ್ಕದ ಜಗಲಿಯಲ್ಲಿ ಮಿಯಾ. ಉಂಗುರವಿರುವುದು ಗಂಡಿಗೆ ಮಾತ್ರ, ಅದೂ ಪ್ರಾಯಕ್ಕೆ ಬಂದ ಮೇಲೆ, ಆದ್ದರಿಂದ ಹೆಸರಿನ ಮಟ್ಟಿಗೆ ಎರಡು ಕಡೆಯವರೂ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನ ಗಿಳಿಗಳನ್ನು ಪಂಜರದಲ್ಲಿಡುವಂತಿಲ್ಲ. ರಾಮನನ್ನೂ ಇಡುವಂತಿಲ್ಲ, ಮಿಯಾನನ್ನೂ.

ಮಿಯಾ ಎಂದರೆ ಮುಸಲ್ಮಾನ ಎಂದು ನಾವು ಹಿಡಿದುಕೊಂಡಿದ್ದೇವೆ. ಜಮ್ಮು, ಹಿಮಾಚಲದ ಬೆಟ್ಟಗಳ ರಜಪೂತ ಮನೆತನಗಳಲ್ಲಿ ಅದು ಹಿಂದೂಗಳ ಬಿರುದು. ರಣಜಿತ್ ಸಿಂಗನ ಸಿಖ್ ಆಳ್ವಿಕೆಯ ವಿರುದ್ಧ ಕಾದಾಡಿದ ಡೋಗ್ರಾ ವೀರ ಮಿಯಾ ಡಿಡೋನ ಹೆಸರು ಜಮ್ಮುವಿನ ಮಕ್ಕಳಿಗೂ ಗೊತ್ತು. ನಮ್ಮ ದಖ್ಖನಿನ ಇತಿಹಾಸದ ಮಿಯಾನ ಕೀರ್ತಿ ಮಾತ್ರ ಅಷ್ಟು ಚೆನ್ನಾಗಿಲ್ಲ. 1595ರಲ್ಲಿ ಅಹಮದ್‌ನಗರದ ಗಾದಿಯ ಜಗಳದಲ್ಲಿ ಮಿಯಾ ಮಂಜು ಎಂಬ ಸರದಾರ ತನ್ನ ಕಡೆ ಗೆಲ್ಲಲೆಂದು ಅಕ್ಬರನ ಮಗ ಮುರಾದನನ್ನೇ ಕರೆಸಿಬಿಟ್ಟ. ಕರೆಸಿದ ಮೇಲೆ ಪಶ್ಚಾತ್ತಾಪಪಟ್ಟರೂ ಮೊಗಲರ ಸೈನ್ಯ ಬಾಗಿಲಿಗೆ ಬಂದಾಗಿತ್ತು. ಕೋಟೆ ಕಾಯ್ದವಳು ಬಿಜಾಪುರದ ಒಂದನೇ ಅಲಿ ಆದಿಲ್‌ಶಾಹನ ವಿಧವೆ, ಚಾಂದ್ ಬೀಬಿ. ಮುಂದಿನ ವರ್ಷ ಬೇರಾರ್ ಕೊಟ್ಟು ರಾಜಿಯಾಗಬೇಕಾಯಿತು. ನಡುವೆ ಮೂರನೆಯವರನ್ನು ತಂದರೆ ಏನಾಗುತ್ತದೆ ಎಂದು ಮಿಯಾನ್ ಎಂಬ ಹೆಸರಿನವನಿಗೇ ತಿಳಿಯಲಿಲ್ಲ ನೋಡಿ.

ಇನ್ನು ನಮ್ಮ ಮಿಯಾಪುರ. ಯಾವ ಮಿಯಾ ಎಂದು ಬೋರ್ಡು ಹೇಳುವುದಿಲ್ಲ. ಪಾಕಿಸ್ತಾನದಲ್ಲಿ ಸಿಂಧೂ ನದಿಯ ದಡದ ಮಿಯಾನ್‌ವಾಲಿಗೆ ಮಿಯಾ ಅಲಿ ಎಂಬ ಸೂಫಿಯ ಹೆಸರಿದೆ, ನಮ್ಮದಕ್ಕೆ ಅಂಥ ಒಡೆಯನನ್ನು ಯಾರೂ ತೋರಿಸಲಿಲ್ಲ. ಊರಿನ ಎರಡನೇ ತುಂಡು ಮೊದಲನೆಯದಕ್ಕಿಂತ ಹಳೆಯ ಗಿರಾಕಿ. ಋಗ್ವೇದದ ‘ಪುರ್’ ಎಂದರೆ ಕೋಟೆ, ಅದನ್ನು ಒಡೆದದ್ದಕ್ಕೇ ಇಂದ್ರ ಪುರಂದರ. ಗ್ರೀಕಿನ ‘ಪೊಲಿಸ್’ ಅದರ ನೆಂಟ. ಅಲ್ಲಿಗೆ ಮಿಯಾಪುರದ ಎರಡು ತುಂಡಿಗೂ ಗ್ರೀಸಿನಲ್ಲಿ ನೆಂಟರು ಸಿಕ್ಕರು, ಹೊರಳಿಸಿದರೆ ‘ಮೆಸೊಪೊಲಿಸ್’, ನಡುವೂರು. ತಮಾಷೆ ಎಂದರೆ ಊರು ಇರುವುದು ನಗರದ ಅಂಚಿನಲ್ಲಿ. ಬೀದರ, ಹುಮನಾಬಾದಿನ ಬಸ್ಸುಗಳು ಜಹೀರಾಬಾದ್, ಸಂಗಾರೆಡ್ಡಿ ದಾಟಿ ಮುಂಬೈ ಹೆದ್ದಾರಿಯಲ್ಲಿ ಬರುವಾಗ ಮಿಯಾಪುರ ಬಂತೆಂದರೆ ಹೈದರಾಬಾದು ಬಂತು. ಕನ್ನಡದಲ್ಲಿ ಫೋನು ಮಾಡುತ್ತ, ಜೋಳದ ಹಿಟ್ಟಿನ ಚೀಲ ಹೊತ್ತು ಇಳಿಯುವವರು ಇಲ್ಲಿಂದ ಮೆಟ್ರೊ ಹತ್ತುತ್ತಾರೆ. ಇಲ್ಲಿನ ನಿಲ್ದಾಣದಲ್ಲೇ 2017ರ ನವೆಂಬರ್ 28ರಂದು ಪ್ರಧಾನಿ ಮೆಟ್ರೊ ಉದ್ಘಾಟಿಸಿದ್ದು. ಫಲಕದ ತೆಲುಗು ಅಕ್ಷರ ನಮಗೆ ಹೆಚ್ಚುಕಮ್ಮಿ ಓದಲು ಬರುತ್ತದೆ: ಮಿಯಾಪೂರ್. ಮಾರ್ಗವನ್ನು ಪಟಾನ್‌ಚೆರುವಿನವರೆಗೆ ಬೆಳೆಸುವ ಯೋಜನೆ ಇದೆ. ಅದಾದರೆ ಮಿಯಾಪುರ ಕೊನೆಯದಾಗಿರುವುದಿಲ್ಲ, ನಡುವಿನ ನಿಲ್ದಾಣವಾಗುತ್ತದೆ, ಪದಕ್ಕೆ ಅದರ ಹಳೆಯ ಅರ್ಥ ವಾಪಸು.

ಪದಕ್ಕೆ ಬಂದ ಹೊಸ ಅರ್ಥ ಮಾತ್ರ ಒಳ್ಳೆಯದಲ್ಲ. ಅಸ್ಸಾಮಿನಲ್ಲಿ ಬಂಗಾಳಿ ಮೂಲದ ಮುಸ್ಲಿಮರನ್ನು ಹೀಯಾಳಿಸುವ ಮಾತು ‘ಮಿಯಾ’. 2016ರಿಂದೀಚೆಗೆ ಅಲ್ಲಿನ ಕೆಲವು ಕವಿಗಳು ಆ ಬೈಗುಳವನ್ನೇ ತಮ್ಮ ಕವಿತೆಗಳ ಹೆಸರಾಗಿ ಎತ್ತಿಕೊಂಡರು, 2019ರಲ್ಲಿ ಅವರ ಮೇಲೆ ಪೊಲೀಸ್ ದೂರುಗಳೂ ಬಿದ್ದವು. ಜಾರ್ಖಂಡಿನ ಬೊಕಾರೊ ಕಡೆಯ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಸರ್ಕಾರಿ ನೌಕರರೊಬ್ಬರನ್ನು ‘ಮಿಯಾ-ತಿಯಾ’, ‘ಪಾಕಿಸ್ತಾನಿ’ ಎಂದು ಕರೆದದ್ದು ಧಾರ್ಮಿಕ ಭಾವನೆಗೆ ನೋವು ಮಾಡಿದ ಅಪರಾಧವೇ? 2025ರ ಆರಂಭದಲ್ಲಿ ನಮ್ಮ ಕನ್ನಡದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಅವರ ಪೀಠ, ಮಾತು ಅಭಿರುಚಿಹೀನ ಹೌದು, ಆದರೆ ಆ ಕಲಮಿನಡಿ ಅಪರಾಧವಲ್ಲ ಎಂದಿತು.

ಕಾನೂನು ನನಗೆ ತಿಳಿಯದು. ವ್ಯಾಕರಣದ ಮಟ್ಟಿಗೆ ನನ್ನ ತೀರ್ಪು ಬೇರೆ: ವಿಷವಿರುವುದು ಮಿಯಾದಲ್ಲಿ ಅಲ್ಲ, ತಿಯಾದಲ್ಲಿ. ಪದದ ತಲೆ ಬದಲಿಸಿ ಇನ್ನೊಮ್ಮೆ ಹೇಳುವ ಅಭ್ಯಾಸ ನಮ್ಮ ಎಲ್ಲ ಭಾಷೆಗಳಿಗೂ ಇದೆ. ನಾವು ‘ಗಿ’ ಹಾಕುತ್ತೇವೆ. ಕಾಫಿ ಗೀಫಿ, ಪುಸ್ತಕ ಗಿಸ್ತಕ. ವಸ್ತುವಿಗೆ ಅಂಟಿದರೆ ಸಲಿಗೆ, ಮನುಷ್ಯನಿಗೆ ಅಂಟಿದರೆ ತಾತ್ಸಾರ. ‘ಮೇಷ್ಟ್ರು ಗೀಷ್ಟ್ರು’ ಎಂದು ಯಾರಾದರೂ ಅಂದರೆ ಮೇಷ್ಟ್ರಿಗೆ ಏನು ಉಳಿಯಿತು?

ಮೊನ್ನೆ ಮೆಟ್ರೊ ಇಳಿದು ಆಟೊ ಹುಡುಕುತ್ತಿದ್ದೆ. ಹಣೆಯಲ್ಲಿ ಕುಂಕುಮವಿದ್ದ ಚಾಲಕ ನನ್ನನ್ನು ನೋಡಿ ಹೈದರಾಬಾದಿ ದಖನಿಯಲ್ಲಿ, ‘ಕಹಾಂ ಜಾನಾ ಮಿಯಾ?’ ಎಂದ. ಹೇಳಿದೆ. ನೂರು ಅಂದ. ನಾನು ಅರವತ್ತು ಅಂದೆ. ‘ನಕ್ಕೋ ಮಿಯಾ’ ಎಂದು ತಲೆ ಅಲ್ಲಾಡಿಸಿದ. ಎರಡು ಹೆಜ್ಜೆ ಮುಂದೆ ಹೋದೆ, ಅವನೂ ಎರಡು ಗಾಲಿ ಮುಂದೆ ತಂದ. ಎಂಬತ್ತಕ್ಕೆ ಹತ್ತಿ ಕೂತೆ.