ಪ್ಲಗ್ಗಿನ ಲಿಪಿ, ಹೊಗೆಯ ಸಾಕ್ಷ್ಯ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ಸಿಗುತ್ತದೆ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರಾದ ಬೀಡನ್ ಎಂಬವರು ಅಲ್ಲಿಯ ಬಂಡೆಯ ಮೇಲೆ ಕಂಡ ಶಾಸನವು, ದೇವಾನಾಂಪ್ರಿಯನೆಂಬ ಬಿರುದಿನ ಅರಸನು ಅಶೋಕನೇ ಎಂಬುದನ್ನು ನಿಶ್ಚಯಪಡಿಸಿತು. ಕೆಲವೇ ಅಕ್ಷರಗಳಿಂದ ಒಂದು ದೊಡ್ಡ ಸಂಶಯ ತೀರಿತು. ಮೋಟಾರು ಕಾರಿನ ಬಿಡಿಭಾಗಗಳ ಚರಿತ್ರೆಯನ್ನು ಹೇಳಹೊರಟವನು ಶಾಸನದಿಂದ ಆರಂಭಿಸುವುದು ಹಳೆಯ ಮೇಷ್ಟರ ಚಾಳಿಯೆಂದು ತಾವು ನಕ್ಕರೆ ನನ್ನ ಅಭ್ಯಂತರವಿಲ್ಲ. ಆದರೆ ಹೊಸ ಪ್ಲಗ್ಗನ್ನು ಆರಿಸುವುದೂ ಸಣ್ಣ ಅಕ್ಷರಗಳನ್ನು ಸರಿಯಾಗಿ ಓದುವ ಕೆಲಸವೇ.

1860ರಲ್ಲಿ ಲೆನ್ವಾರ್ ಎಂಬಾತನು ತನ್ನ ಅನಿಲ ಯಂತ್ರದಲ್ಲಿ ವಿದ್ಯುತ್ ಕಿಡಿಯನ್ನು ಬಳಸಿದ್ದನು. 1902ರಲ್ಲಿ ಬಾಷ್ ಸಂಸ್ಥೆಯ ಗಾಟ್ಲೋಬ್ ಹೊನೋಲ್ಡ್ ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಅದಕ್ಕೊಪ್ಪುವ ಪ್ಲಗ್ಗನ್ನೂ ರೂಪಿಸಿದ ಮೇಲೆ ಅದು ಮೋಟಾರಿನ ಅವಿಭಾಜ್ಯ ಅಂಗವಾಯಿತು. ನಮ್ಮ ನಾಡಿಗೆ ಅದನ್ನು ಮನೆಮಾತಾಗಿಸಿದ್ದು ಬೆಂಗಳೂರಿನ ಆಡುಗೋಡಿಯ ಕಾರ್ಖಾನೆ. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯನ್ನು ಜನ ‘ಮೈಕೋ’ ಎಂದೇ ಕರೆದರು. 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾದರೂ ಬಡಾವಣೆಯ ಹೆಸರಿನಲ್ಲಿ ಮೈಕೋ ಉಳಿದಿದೆ. ಪ್ಲಗ್ಗಿಗೆ ‘ಕಿಡಿಬೆಣೆ’ ಎಂದೇನಾದರೂ ಕನ್ನಡ ಮಾಡಿ ಕೇಳಿದರೆ ಅಂಗಡಿಯವನು ಕಂಗಾಲಾದಾನು. ಪ್ಲಗ್ಗು ಎಂದೇ ಕರೆಯೋಣ.

ಪ್ಲಗ್ಗುಗಳು ನೋಟಕ್ಕೆ ಒಂದೇ. ಗುಣದಲ್ಲಿ ಭೇದವಿದೆ. ಒಳಗಿನ ಪಿಂಗಾಣಿಯ ಮೂಗು ಉದ್ದವಾಗಿದ್ದರೆ ಶಾಖವು ಬೇಗ ಹೊರಗೆ ಹರಿಯದು. ಅದು ‘ಬಿಸಿ’ ಪ್ಲಗ್ಗು. ಮೂಗು ಗಿಡ್ಡವಾಗಿದ್ದರೆ ‘ತಂಪು’ ಪ್ಲಗ್ಗು. ತುದಿಯ ಶಾಖ ಸುಮಾರು 450 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆಯಾದರೆ ಮಸಿ ಕಟ್ಟುತ್ತದೆ. ಸುಮಾರು 850 ಡಿಗ್ರಿ ಮೀರಿದರೆ ಕಿಡಿಗೆ ಮೊದಲೇ ಪೆಟ್ರೋಲು ಹೊತ್ತಿಕೊಂಡು ಇಂಜಿನ್ ಕೆಡುತ್ತದೆ. ಈ ಗುಣವನ್ನು ಸೂಚಿಸುವ ಸಂಖ್ಯೆ ಪ್ಲಗ್ಗಿನ ಮೈಮೇಲೆ ಇರುತ್ತದೆ. ಇಲ್ಲೊಂದು ತೊಡಕು. ಬಾಷ್‌ನ ಹಳೆಯ ಪದ್ಧತಿಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ಗು ತಂಪು: 145ಕ್ಕಿಂತ 175 ತಂಪು. ಹೊಸ ಪದ್ಧತಿಯಲ್ಲಿ ಅದು ತಲೆಕೆಳಗಾಗಿ, 175ರ ಸ್ಥಾನಕ್ಕೆ 7 ಬಂದಿತು, 145ರ ಸ್ಥಾನಕ್ಕೆ 8. ಜಪಾನಿನ ಎನ್‌ಜಿಕೆ ಮೊದಲಿನಂತೆಯೇ ದೊಡ್ಡ ಸಂಖ್ಯೆಯನ್ನು ತಂಪಿಗೆ ಇಟ್ಟುಕೊಂಡಿದೆ. ಒಂದು ಕಂಪನಿಯ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಯೊಡನೆ ಹೋಲಿಸುವುದು, ಶಕವರ್ಷವನ್ನು ಕ್ರಿಸ್ತವರ್ಷವೆಂದು ಓದಿದಂತೆ. ರಾಯಚೂರು ಸೀಮೆಯ ಬಿಸಿಲು ಕಂಡು ತಂಪು ಪ್ಲಗ್ಗನ್ನು ಕೇಳುವವರೂ ಇದ್ದಾರೆ. ಅದು ಬೇಡ. ಹೊರಗಿನ 42 ಡಿಗ್ರಿಯು ಸಿಲಿಂಡರಿನೊಳಗಿನ ಬೆಂಕಿಯ ಮುಂದೆ ಲೆಕ್ಕಕ್ಕಿಲ್ಲ. ಕಾರಿನ ಕೈಪಿಡಿ ಹೇಳಿದ್ದೇ ಸರಿ.

ಹಿಂದೆ ಮಿಸ್ತ್ರಿಯು ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣ ನೋಡಿಯೇ ರೋಗ ಹೇಳುತ್ತಿದ್ದನು. ತಿಳಿಕಂದು ಆರೋಗ್ಯದ ಬಣ್ಣ. ಒಣ ಕಪ್ಪು ಮಸಿ ಪೆಟ್ರೋಲು ಹೆಚ್ಚಾದುದಕ್ಕೆ ಗುರುತು. ಸುಣ್ಣದಂತಹ ಬಿಳುಪು ಅತಿ ಶಾಖಕ್ಕೆ. ಈ ಓದಿಗೆ ಯಂತ್ರವೊಂದು ಪ್ರತಿಸ್ಪರ್ಧಿಯಾಗಿ ಬಂದದ್ದು 1976ರಲ್ಲಿ. ಅಮೆರಿಕಕ್ಕೆ ಹೋಗುವ ವೋಲ್ವೋ ಕಾರುಗಳಲ್ಲಿ ಬಾಷ್ ಸಂಸ್ಥೆಯು ಆಕ್ಸಿಜನ್ ಸೆನ್ಸರನ್ನು ಅಳವಡಿಸಿತು. ಪ್ಲಗ್ಗಿನ ಪಿಂಗಾಣಿಯಲ್ಲಿ ಪಳಗಿದ ಕೈಗಳೇ ಜಿರ್ಕೋನಿಯಾದ ಈ ಬೆರಳನ್ನೂ ರೂಪಿಸಿದವು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅದು ಅಳೆದು ತಿಳಿಸಲು, ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಎಂಬ ಪ್ರಮಾಣವನ್ನು ಕಂಪ್ಯೂಟರು ಕಾಯ್ದುಕೊಳ್ಳುತ್ತದೆ.

ಆದರೆ ಅದು ನಮ್ಮ ಹಾದಿಗಿಳಿಯಲು ಎರಡು ದಶಕಗಳಿಗೂ ಮಿಕ್ಕಿ ಕಾಯಬೇಕಾಯಿತು. ಅಡ್ಡಿಯಾಗಿದ್ದುದು ಸೀಸ. 1921ರಲ್ಲಿ ಥಾಮಸ್ ಮಿಜ್ಲಿ ಇಂಜಿನ್ನಿನ ಬಡಿತವನ್ನು ತಡೆಯಲು ಪೆಟ್ರೋಲಿಗೆ ಸೀಸವನ್ನು ಸೇರಿಸಿದನು. ಸೀಸವು ಪ್ಲಗ್ಗಿಗೆ ಕೊಳೆ. ಸೆನ್ಸರಿಗೂ ಕ್ಯಾಟಲಿಟಿಕ್ ಕನ್ವರ್ಟರಿಗೂ ವಿಷ. ಮಕ್ಕಳ ಮಿದುಳಿಗೂ ವಿಷ. ಭಾರತದಲ್ಲಿ 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲು ಬಂದಿತು. 2000ದ ಫೆಬ್ರವರಿಯಿಂದ ಇಡೀ ದೇಶಕ್ಕೆ. ಲೋಕದಲ್ಲಿ ಕೊನೆಯದಾಗಿ ಅಲ್ಜೀರಿಯ ಅದನ್ನು ಬಿಟ್ಟದ್ದು 2021ರಲ್ಲಿ. ಎಡದಂಡೆ ಕಾಲುವೆಯ ನೀರಿನೊಡನೆ ಸಿಂಧನೂರಿಗೆ ಬಂದ ಟ್ರ್ಯಾಕ್ಟರುಗಳು ಈ ಕಥೆಗೆ ಹೊರಗು. ಡೀಸೆಲ್ ಇಂಜಿನ್ನಿಗೆ ಕಿಡಿಯೇ ಬೇಡ.

ಇಂದು ನಮ್ಮ ಊರುಗಳಲ್ಲಿ ಹಣ ಪೋಲಾಗುವುದು ಈ ಎರಡು ಭಾಗಗಳ ಸಂಬಂಧವನ್ನು ಮರೆತಾಗ. ಪ್ಲಗ್ಗು ಸವೆದು ಒಂದು ಸಿಲಿಂಡರ್ ಹೊತ್ತದಿದ್ದರೆ ಬಳಕೆಯಾಗದ ಆಮ್ಲಜನಕವು ಹೊಗೆಯೊಡನೆ ಹೊರಬೀಳುತ್ತದೆ. ಸೆನ್ಸರ್ ಕಂಡದ್ದನ್ನು ಕಂಡಂತೆಯೇ ಹೇಳುತ್ತದೆ: ಪೆಟ್ರೋಲು ಸಾಲದು ಎಂದು. ಕಂಪ್ಯೂಟರು ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಎಚ್ಚರಿಕೆಯ ದೀಪ ಹೊತ್ತುತ್ತದೆ. ಸತ್ಯ ನುಡಿದ ಸಾಕ್ಷಿಯನ್ನೇ ಅಪರಾಧಿಯೆಂದು ಕಿತ್ತೆಸೆಯುತ್ತಾರೆ. ಪ್ಲಗ್ಗಿಗಿಂತ ಹಲವು ಪಟ್ಟು ಬೆಲೆಯ ಭಾಗವದು. ಮೊದಲು ಪ್ಲಗ್ಗು, ತಂತಿ, ಹೊಗೆಕೊಳವೆಯ ಸೀಳುಗಳನ್ನು ನೋಡಬೇಕು. ಸೆನ್ಸರಿನ ಸರದಿ ಆಮೇಲೆ. ಬದಲಿಸಲೇಬೇಕಾದರೆ ಕನ್ವರ್ಟರಿಗೆ ಮುಂದಿನದೋ ಹಿಂದಿನದೋ ಎಂದು ಖಚಿತಪಡಿಸಿಕೊಳ್ಳಬೇಕು, ಎರಡೂ ಒಂದೇ ಎಂದು ತಿಳಿಯಬಾರದು. ನಾಲ್ಕು ತಂತಿಗಳಿದ್ದ ಮಾತ್ರಕ್ಕೆ ಎಲ್ಲವೂ ಹೊಂದುವುದಿಲ್ಲ. ಹಳೆಯದರ ಮೇಲಿನ ಭಾಗಸಂಖ್ಯೆಯನ್ನು ಬರೆದುಕೊಂಡೇ ಅಂಗಡಿಗೆ ಹೋಗಬೇಕು. ಕೂರಿಸುವಾಗ ಹತ್ತಿರದಲ್ಲಿ ಸಾಮಾನ್ಯ ಸಿಲಿಕೋನ್ ಅಂಟನ್ನು ಬಳಸದಂತೆ ಮಿಸ್ತ್ರಿಗೆ ಹೇಳಿರಿ. ಅದರ ಆವಿಯು ಹಳೆಯ ಸೀಸದಂತೆಯೇ ಸೆನ್ಸರನ್ನು ಕುರುಡಾಗಿಸುತ್ತದೆ.