ಗುಳಿಗೆಯೂ ಕ್ಷಕಿರಣ ಚಿತ್ರವೂ

ಮುಟ್ಟು ನಿಲ್ಲುವ ವಯಸ್ಸಿನ ಕಷ್ಟವನ್ನು ನಮ್ಮ ಮನೆಗಳ ಹೆಂಗಸರು ಬಾಯಿಬಿಟ್ಟು ಹೇಳುವುದು ಕಡಿಮೆ. ಮೈ ಕಾವೇರುವುದು, ಬೆವರುವುದು, ನಿದ್ದೆ ಬಾರದಿರುವುದು, ಎಲ್ಲವನ್ನೂ ನುಂಗಿಕೊಂಡುಬಿಡುತ್ತಾರೆ. ಈ ಕಷ್ಟಕ್ಕೆ ಹುಡುಕಿದ ಮದ್ದು ಸ್ತನ ಕ್ಯಾನ್ಸರಿನ ತಪಾಸಣೆಗೇ ತೊಡಕಾದ ಚರಿತ್ರೆಯನ್ನು ನಾವೆಲ್ಲ ತಿಳಿದಿರುವುದು ಒಳ್ಳೆಯದು.

1942ರಲ್ಲಿ ಅಮೆರಿಕದಲ್ಲಿ 'ಪ್ರೆಮರಿನ್' ಎಂಬ ಗುಳಿಗೆ ಮಾರುಕಟ್ಟೆಗೆ ಬಂತು. ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಹಾರ್ಮೋನು ಅದರಲ್ಲಿತ್ತು. 1966ರಲ್ಲಿ ನ್ಯೂಯಾರ್ಕಿನ ವೈದ್ಯ ರಾಬರ್ಟ್ ವಿಲ್ಸನ್ ತಮ್ಮ 'ಫೆಮಿನಿನ್ ಫಾರೆವರ್' ಪುಸ್ತಕದಲ್ಲಿ ಈಸ್ಟ್ರೋಜನ್ನನ್ನು ಯೌವನ ಕಾಯುವ ಅಮೃತವೆಂಬಂತೆ ಹೊಗಳಿದರು. 1975ರಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿತು. ಈಸ್ಟ್ರೋಜನ್ ಒಂದನ್ನೇ ಸೇವಿಸಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಆಗ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನು ಜೊತೆಗೂಡಿಸಿದರು. ಗರ್ಭಕೋಶಕ್ಕೆ ರಕ್ಷಣೆ ಸಿಕ್ಕಿತು. ಆದರೆ ಸ್ತನದ ಗತಿ?

ಅತ್ತ 1963ರಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 62,000 ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ತನದ ಕ್ಷಕಿರಣ ಚಿತ್ರ, ಅಂದರೆ ಮ್ಯಾಮೊಗ್ರಾಂ, ಹಾಗೂ ವೈದ್ಯರ ಪರೀಕ್ಷೆ ಒದಗಿಸಿದ್ದರು. ಆ ಗುಂಪಿನಲ್ಲಿ ಸ್ತನ ಕ್ಯಾನ್ಸರಿನ ಸಾವು ಕಡಿಮೆಯಾಯಿತು. ತಪಾಸಣೆಗೆ ಬೆಲೆ ಬಂದದ್ದು ಹೀಗೆ.

ಈ ಚಿತ್ರದಲ್ಲಿ ಕೊಬ್ಬು ಕಪ್ಪಗೆ, ಗ್ರಂಥಿಯ ಭಾಗ ಬೆಳ್ಳಗೆ ಕಾಣುತ್ತದೆ. ಕ್ಯಾನ್ಸರ್ ಗಂಟೂ ಬೆಳ್ಳಗೇ. ವಯಸ್ಸಾದಂತೆ ಗ್ರಂಥಿ ಕುಗ್ಗಿ ಕೊಬ್ಬು ಹೆಚ್ಚುವುದರಿಂದ ಚಿತ್ರ ತಿಳಿಯಾಗಬೇಕು. ಎರಡು ಹಾರ್ಮೋನುಗಳ ಗುಳಿಗೆ ಅನೇಕರಲ್ಲಿ ಇದಕ್ಕೆ ತಡೆಯೊಡ್ಡಿ ಬಿಳುಪನ್ನು ಹೆಚ್ಚಿಸುತ್ತದೆ. ಆಗ ಗಂಟು ಹುಡುಕುವುದೆಂದರೆ ಅಕ್ಕಿಯಲ್ಲಿ ಬಿಳಿ ಕಲ್ಲು ಆರಿಸಿದ ಹಾಗೆ.

ಲೆಕ್ಕ ಸಿಕ್ಕಿದ್ದು 'ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್' ಎಂಬ ಅಮೆರಿಕದ ದೊಡ್ಡ ಅಧ್ಯಯನದಿಂದ. ಜೋಡಿ ಹಾರ್ಮೋನಿನ ಪರೀಕ್ಷೆಯಲ್ಲಿ 16,608 ಹೆಂಗಸರಿದ್ದರು. ವರ್ಷಕ್ಕೆ 10,000 ಮಂದಿಯಲ್ಲಿ, ಬರಿಯ ಹುಸಿಗುಳಿಗೆ ಪಡೆದವರಲ್ಲಿ 30 ಸ್ತನ ಕ್ಯಾನ್ಸರ್ ಆದರೆ ಹಾರ್ಮೋನು ಪಡೆದವರಲ್ಲಿ 38. 2002ರ ಜುಲೈಯಲ್ಲಿ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. 2003ರಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮೊದಲ ವರ್ಷದಲ್ಲೇ ಅನುಮಾನದ ಚಿತ್ರ ಬಂದವರು ಹುಸಿಗುಳಿಗೆಯ ಗುಂಪಿನಲ್ಲಿ ಶೇಕಡಾ 5.4, ಹಾರ್ಮೋನಿನ ಗುಂಪಿನಲ್ಲಿ ಶೇಕಡಾ 9.4. ಹಾರ್ಮೋನು ಪಡೆದವರಲ್ಲಿ ಪತ್ತೆಯಾದ ಗಂಟುಗಳೂ ತುಸು ದೊಡ್ಡವು, ಹೆಚ್ಚು ಮುಂದುವರಿದವು. ಒಂದೆಡೆ ಅನುಮಾನ ಹೆಚ್ಚು, ಇನ್ನೊಂದೆಡೆ ಪತ್ತೆ ತಡ.

ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೋಜನ್ ಒಂದನ್ನೇ ಕೊಟ್ಟ ಅದೇ ಅಧ್ಯಯನದ ಇನ್ನೊಂದು ಪರೀಕ್ಷೆಯಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ ಎಂಬುದನ್ನೂ ಹೇಳಬೇಕು. ಆದ್ದರಿಂದ ಹೆದರಿ ಗುಳಿಗೆಯನ್ನು ಬಿಸಾಡಿ ಎಂದು ನಾವು ಹೇಳುತ್ತಿಲ್ಲ. ಬೇಕೆ ಬೇಡವೆ, ಎಷ್ಟು ಕಾಲ ಎಂಬುದನ್ನು ವೈದ್ಯರೊಡನೆ ಕೂತು ಕೇಳಿ ತಿಳಿಯಿರಿ. ಚಿತ್ರ ತೆಗೆಸುವಾಗ ಯಾವ ಗುಳಿಗೆ, ಎಂದಿನಿಂದ ಎಂದು ತಪ್ಪದೆ ಹೇಳಿ. ಹಳೆಯ ಚಿತ್ರಗಳನ್ನು ಜೋಪಾನವಾಗಿಟ್ಟು ಜೊತೆಗೆ ಒಯ್ಯಿರಿ. ಚಿತ್ರ ಸರಿಯಿದೆ ಎಂದರೂ ಕೈಗೆ ಗಂಟು ಸಿಕ್ಕರೆ ಸುಮ್ಮನಿರಬೇಡಿ. ನಾಚಿಕೆಯಿಂದ ನುಂಗಿಕೊಳ್ಳುವ ಮಾತು ಇದಲ್ಲ.